ಜಾಯ್‌ಸ್ಟಿಕ್‌ನ ನಡುಬಿಂದು: ಯಾವುದನ್ನ ಕೊಳ್ಳೋದು, ಹೇಗೆ ಹೊಂದಿಸೋದು

ಕಾಂದಿವಲಿಯಿಂದ ಮಾತಾಡ್ತಿದ್ದೇನೆ, ಹಿಂದೆ ಲೋಕಲ್ ಟ್ರೈನಿನ ಸದ್ದು ಕೇಳಿಸಿದರೆ ಸಹಿಸಿಕೊಳ್ಳಿ. ಇವತ್ತಿನ ವಿಷಯ ಫ್ಲೈಟ್ ಸಿಮ್ಯುಲೇಟರಿಗೆ ಜಾಯ್‌ಸ್ಟಿಕ್.

ಸಾಮಾನ್ಯವಾಗಿ ಬರೋ ಪ್ರಶ್ನೆ ಏನು? "ಲ್ಯಾಂಡಿಂಗ್ ಟೈಮಲ್ಲಿ ವಿಮಾನದ ಮೂಗು ಮೇಲೆ ಕೆಳಗೆ ಕುಣಿಯುತ್ತೆ, ಇನ್ನೂ ದುಬಾರಿ ಸ್ಟಿಕ್ ತಗೊಂಡ್ರೆ ಸರಿಹೋಗುತ್ತಾ?" ನನ್ನ ಉತ್ತರ: ದುಡ್ಡು ತೆಗೆಯೋ ಮೊದಲು ಅರ್ಧ ಗಂಟೆ ಕೊಡಿ. ವಿಮಾನ ಹಾರಿಸುವಾಗ ಸ್ಟಿಕ್ಕನ್ನು ಪೂರ್ತಿ ಎಳೆಯೋದು ತೀರಾ ಕಡಿಮೆ. ಹೆಚ್ಚಿನ ಹೊತ್ತು ಕೈ ಇರೋದು ನಡುಬಿಂದುವಿನ ಆಚೀಚೆ ಒಂದೆರಡು ಬೆರಳಿನಷ್ಟು ಜಾಗದಲ್ಲಿ. ಆ ಸಣ್ಣ ಜಾಗದಲ್ಲಿ ಸ್ಟಿಕ್ ಹೇಗೆ ನಡೆದುಕೊಳ್ಳುತ್ತೆ ಅನ್ನೋದೇ ಮುಖ್ಯ. ಆಯ್ಕೆಯನ್ನೂ ಅಲ್ಲಿಂದಲೇ ಮಾಡಬೇಕು, ಹೊಂದಾಣಿಕೆಯನ್ನೂ ಅಲ್ಲಿಂದಲೇ ಶುರು ಮಾಡಬೇಕು.

ಉದಾಹರಣೆಗೆ ಒಂದು ದಾರಿ ಇಟ್ಟುಕೊಳ್ಳೋಣ: ಮುಂಬಯಿಯಿಂದ ಮಂಗಳೂರು. ಇಲ್ಲಿನ ಕನ್ನಡಿಗರಲ್ಲಿ ಸಿಮ್ಯುಲೇಟರ್ ಹಾಕಿಕೊಂಡವರು ಬೇಗ ಹಾರಿಸಿ ನೋಡುವ ದಾರಿ ಇದು. ನೇರ ದೂರ ಸುಮಾರು 700 ಕಿಲೋಮೀಟರ್. ಕೊನೆಗೆ ಬಜ್ಪೆಯ ಗುಡ್ಡದ ಮೇಲಿನ 2,450 ಮೀಟರ್ ರನ್‌ವೇ. 2010ರ ಮೇ 22ರ ನಂತರ 'ಟೇಬಲ್‌ಟಾಪ್' ಅನ್ನೋ ಪದವನ್ನ ನಮ್ಮ ಊರಿನವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ ನೆಲ ಮುಟ್ಟುವ ಮುಂಚಿನ ಕೊನೆಯ ಕೆಲವು ಸೆಕೆಂಡುಗಳಲ್ಲಿ ಮೂಗನ್ನು ಎಷ್ಟು ಮೆಲ್ಲಗೆ ಎತ್ತಬಲ್ಲಿರಿ ಅನ್ನೋದೇ ನಿಮ್ಮ ಸ್ಟಿಕ್ಕಿನ ಪರೀಕ್ಷೆ.

ಮೊದಲು ಆಯ್ಕೆ. ಸ್ಟಿಕ್ಕಿನ ಒಳಗೆ, ಕೈಯ ಚಲನೆಯನ್ನ ಅಳೆಯೋಕೆ ಸೆನ್ಸರ್ ಇರುತ್ತೆ. ಕಡಿಮೆ ಬೆಲೆಯವುಗಳಲ್ಲಿ ಸಾಮಾನ್ಯವಾಗಿ ಪೊಟೆನ್ಶಿಯೋಮೀಟರ್, ಅಂದ್ರೆ ಹಳೇ ರೇಡಿಯೋದ ವಾಲ್ಯೂಮ್ ತಿರುಗಣೆಯ ಒಳಗಿರುತ್ತಿತ್ತಲ್ಲ, ಅದೇ. ಕಾರ್ಬನ್ ಪಟ್ಟಿಯ ಮೇಲೆ ಒಂದು ಲೋಹದ ನಾಲಗೆ ಉಜ್ಜುತ್ತಾ ಓಡಾಡುತ್ತೆ. ಉಜ್ಜಿದ್ದು ಸವೆಯಲೇಬೇಕು, ಅದರಲ್ಲೂ ನಾವು ಹೆಚ್ಚು ಬಳಸೋ ನಡುಭಾಗದಲ್ಲೇ. ಧೂಳು ಕೂತರಂತೂ ರೇಡಿಯೋ ಕರಕರ ಅಂದ ಹಾಗೆ ಇಲ್ಲಿ ವಿಮಾನ ಅದುರುತ್ತೆ. ಎರಡನೇ ಬಗೆ ಹಾಲ್ ಎಫೆಕ್ಟ್ ಸೆನ್ಸರ್. ಒಂದು ಅಯಸ್ಕಾಂತ, ಅದನ್ನ ದೂರದಿಂದಲೇ ಗಮನಿಸೋ ಒಂದು ಚಿಪ್. ಒಂದನ್ನೊಂದು ಮುಟ್ಟೋದಿಲ್ಲ, ಹಾಗಾಗಿ ಉಜ್ಜಿ ಸವೆಯೋ ಮಾತಿಲ್ಲ.

ಲಾಜಿಟೆಕ್ ಎಕ್ಸ್‌ಟ್ರೀಮ್ 3ಡಿ ಪ್ರೋ ಮೊದಲ ಬಗೆಯದು. ತಿರುಚಿದರೆ ರಡ್ಡರ್, ಬುಡದಲ್ಲಿ ಸಣ್ಣ ಥ್ರಾಟಲ್. ಶುರು ಮಾಡೋರಿಗೆ ಧಾರಾಳ ಸಾಕು. ಆದರೆ ಹಿಡಿ ಬಲಗೈಗೆ ಮಾತ್ರ. ಥ್ರಸ್ಟ್‌ಮಾಸ್ಟರ್ ಟಿ.16000ಎಂ ಎರಡೂ ಕೈಗೆ ಆಗುತ್ತೆ, ಮುಖ್ಯವಾದ ಎರಡು ಅಕ್ಷಗಳಿಗೆ ಹಾಲ್ ಸೆನ್ಸರ್ ಇದೆ. ಒಂದು ಸೂಕ್ಷ್ಮ ಗಮನಿಸಿ: ಅದರ ತಿರುಚುವ ಅಕ್ಷಕ್ಕೆ ಇರೋದು ಪೊಟೆನ್ಶಿಯೋಮೀಟರೇ. ಡಬ್ಬದ ಮೇಲೆ ಹಾಲ್ ಎಫೆಕ್ಟ್ ಅಂತಿದ್ದರೆ 'ಯಾವ ಅಕ್ಷಕ್ಕೆ' ಅಂತ ಕೇಳಿ. ವಿಕೆಬಿ ಗ್ಲಾಡಿಯೇಟರ್‌ನಂಥವು ಇನ್ನೂ ಮೇಲಿನ ದರ್ಜೆ. ಸ್ಪ್ರಿಂಗನ್ನೇ ಬದಲಾಯಿಸಿ ಬಿಗಿ ಹೆಚ್ಚು ಕಡಿಮೆ ಮಾಡಿಕೊಳ್ಳಬಹುದು.

ಎಡಗೈ ಮಾತು ಯಾಕೆ ಬಂತು ಅಂದ್ರೆ, ಏರ್‌ಬಸ್ ಎ320ಯಲ್ಲಿ ಕ್ಯಾಪ್ಟನ್ ಕೂರೋದು ಎಡಗಡೆ. ಸೈಡ್‌ಸ್ಟಿಕ್ ಅವರ ಎಡಗೈಯಲ್ಲಿ, ಥ್ರಸ್ಟ್ ಲಿವರ್ ಬಲಗೈಯಲ್ಲಿ. ಆ ವಿಮಾನವನ್ನೇ ಹಾರಿಸೋ ಆಸೆ ಇದ್ದರೆ ಎಡಗೈಗೂ ಒಗ್ಗೋ ಸ್ಟಿಕ್ ತಗೊಳ್ಳಿ.

ಹಳೇದು ಕೊಳ್ಳೋರು ಗ್ರಾಂಟ್ ರೋಡಲ್ಲಿ ಇಳಿದು ಲ್ಯಾಮಿಂಗ್ಟನ್ ರೋಡಿಗೆ ಹೋಗ್ತೀರಿ ಅಂದ್ರೆ ಲ್ಯಾಪ್‌ಟಾಪ್ ಜೊತೇಲಿರಲಿ. ಬಟನ್ನಿನ ಹೊಳಪು ನೋಡಬೇಡಿ, ನಡುಬಿಂದು ನೋಡಿ. ಹೇಗೆ ಅಂತ ಹೇಳ್ತೇನೆ.

ವಿಂಡೋಸ್‌ನಲ್ಲಿ ರನ್ ತೆರೆದು 'ಜಾಯ್ ಡಾಟ್ ಸಿಪಿಎಲ್' ಅಂತ ಟೈಪ್ ಮಾಡಿ. ಪ್ರಾಪರ್ಟೀಸ್‌ನಲ್ಲಿ ಒಂದು ಚೌಕ, ಅದರೊಳಗೆ ಒಂದು ಪ್ಲಸ್ ಗುರುತು ಕಾಣುತ್ತೆ. ಮೊದಲ ಪರೀಕ್ಷೆ: ಕೈ ತೆಗೆದು ಸುಮ್ಮನೆ ನೋಡಿ. ಗುರುತು ತಾನಾಗಿ ನಡುಗುತ್ತಿದ್ದರೆ ಸೆನ್ಸರ್ ಸವೆದಿದೆ ಅಥವಾ ಕೊಳೆಯಾಗಿದೆ. ಎರಡನೇ ಪರೀಕ್ಷೆ: ಎಡಕ್ಕೆ ತಳ್ಳಿ ಮೆಲ್ಲಗೆ ಬಿಡಿ, ಬಲಕ್ಕೆ ತಳ್ಳಿ ಬಿಡಿ, ಮುಂದೆ, ಹಿಂದೆ. ನಾಲ್ಕು ಸಲವೂ ಒಂದೇ ಜಾಗಕ್ಕೆ ವಾಪಸ್ ಬರಬೇಕು. ಸ್ವಲ್ಪ ವ್ಯತ್ಯಾಸ ಇರುತ್ತೆ, ಅದು ಎಷ್ಟು ಅಂತ ಬರೆದಿಟ್ಟುಕೊಳ್ಳಿ. ಅಂಕಿ ಬೇಕಾದ್ರೆ ಸಿಮ್ಯುಲೇಟರಿನ ಕಂಟ್ರೋಲ್ ಪುಟದಲ್ಲೇ ನೋಡಬಹುದು. ಕೊಳ್ಳಲಿಕ್ಕೂ, ಹೊಂದಿಸಲಿಕ್ಕೂ ಅದೇ ಅಳತೆ.

ಈಗ ಹೊಂದಾಣಿಕೆ. ಮೊದಲನೆಯದು ಡೆಡ್‌ಝೋನ್, ಅಂದ್ರೆ ನಡುವೆ ಎಷ್ಟು ಜಾಗದಲ್ಲಿ ಸ್ಟಿಕ್ ಆಡಿದರೂ ವಿಮಾನ ಲೆಕ್ಕಕ್ಕೆ ತಗೋಬಾರದು ಅನ್ನೋದು. ಸ್ಟಿಕ್ ವಾಪಸ್ ಬರುವಾಗ 2% ವ್ಯತ್ಯಾಸ ಇದ್ದರೆ ಡೆಡ್‌ಝೋನ್ 3% ಇಡಿ, ಸಾಕು. 'ಸೇಫ್ ಆಗಿರಲಿ' ಅಂತ 15% ಇಟ್ಟರೆ ಏನಾಗುತ್ತೆ? ಬಜ್ಪೆಯಲ್ಲಿ ಮೂಗು ಎತ್ತೋಕೆ ಸ್ವಲ್ಪ ಎಳೀತೀರಿ, ಏನೂ ಆಗಲ್ಲ. ಇನ್ನಷ್ಟು ಎಳೀತೀರಿ, ಒಮ್ಮೆಲೇ ಮೂಗು ಮೇಲೆ. ಗಾಬರಿಯಾಗಿ ಮುಂದೆ ತಳ್ತೀರಿ, ಮತ್ತೆ ಆ ಸತ್ತ ಜಾಗ ದಾಟಬೇಕು. ಅಷ್ಟರಲ್ಲಿ ತಡವಾಗಿರುತ್ತೆ. ಆಗಲೇ ಹೇಳಿದ ಕುಣಿತ ಎಷ್ಟೋ ಸಲ ಇಲ್ಲಿಂದಲೇ ಹುಟ್ಟೋದು. ತಿರುಚುವ ರಡ್ಡರಿಗೆ ಮಾತ್ರ ಸ್ವಲ್ಪ ಹೆಚ್ಚು ಡೆಡ್‌ಝೋನ್ ಇರಲಿ, ಯಾಕಂದ್ರೆ ಎಳೆಯುವಾಗ ಮಣಿಕಟ್ಟು ಗೊತ್ತಿಲ್ಲದೆ ತಿರುಗುತ್ತೆ.

ಎರಡನೆಯದು ಕರ್ವ್. ಹತ್ತನೇ ಕ್ಲಾಸಿನ ಗಣಿತ ಸಾಕು. ಸ್ಟಿಕ್ ಎಷ್ಟು ಸರಿಯಿತೋ ಅದರ 60 ಭಾಗವನ್ನ ನೇರವಾಗಿ ತಗೊಂಡು, 40 ಭಾಗವನ್ನ ಅದರ ಘನದಿಂದ ತಗೊಳ್ಳಿ ಅಂದುಕೊಳ್ಳೋಣ. ಸ್ಟಿಕ್ 20% ಸರಿದರೆ ವಿಮಾನಕ್ಕೆ ಹೋಗೋದು ಸುಮಾರು 12%. ಅರ್ಧ ಸರಿದರೆ 35%. ಪೂರ್ತಿ ಎಳೆದರೆ ಪೂರ್ತಿ 100. ನಡುವೆ ಮೆದು, ಅಂಚಿನಲ್ಲಿ ಚುರುಕು. ಆದರೆ ಇದು ಪುಕ್ಕಟೆ ಸಿಗೋದಲ್ಲ. ನಡುವೆ ಉಳಿಸಿದ್ದನ್ನ ಅಂಚಿನಲ್ಲಿ ತೀರಿಸಲೇಬೇಕು: ಈ ಲೆಕ್ಕದಲ್ಲಿ ನಡುವಿನ ವೇಗ 0.6, ಅಂಚಿನಲ್ಲಿ 1.8, ಅಂದ್ರೆ ಮೂರು ಪಟ್ಟು. ಹಾಗಾಗಿ ಕರ್ವ್ ಕಮ್ಮಿಯಿಂದ ಶುರು ಮಾಡಿ. ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್‌ನಲ್ಲಿ ಇದು 'ಸೆನ್ಸಿಟಿವಿಟಿ' ಪುಟದಲ್ಲಿದೆ. ಎಕ್ಸ್-ಪ್ಲೇನ್‌ನಲ್ಲಾದರೆ ಅದರ ಪಕ್ಕದ 'ಸ್ಟೆಬಿಲಿಟಿ ಆಗ್ಮೆಂಟೇಶನ್' ಸೊನ್ನೆಯಲ್ಲಿರಲಿ. ಅದು ನಿಮ್ಮ ಪರವಾಗಿ ತಾನೇ ಸ್ಟಿಕ್ ಹಿಡಿಯುತ್ತೆ, ಕೈ ಕಲಿಯೋದೇ ಇಲ್ಲ.

ಮೂರನೆಯದು ಟ್ರಿಮ್. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಅಂಚೆ ಹೊತ್ತು, ಇಲ್ಲೇ ನಮ್ಮ ಜುಹುವಿನಲ್ಲಿ ಇಳಿದರಲ್ಲ, ಆ ಪುಸ್ ಮಾತ್ ವಿಮಾನದಂಥವುಗಳಲ್ಲಿ ಗಾಳಿಯ ಒತ್ತಡ ನೇರವಾಗಿ ಪೈಲಟ್ ಕೈಗೆ ಗೊತ್ತಾಗುತ್ತೆ. ವೇಗ ಹೆಚ್ಚಾದರೆ ಸ್ಟಿಕ್ ಬಿಗಿ, ಕಡಿಮೆಯಾದರೆ ಸಡಿಲ. ಇವತ್ತಿನ ಸೆಸ್ನಾದಲ್ಲೂ ಹಾಗೇ. ನಮ್ಮ ಮೇಜಿನ ಮೇಲಿನ ಸ್ಪ್ರಿಂಗಿಗೆ ವೇಗ ಗೊತ್ತಿಲ್ಲ. ಸೆಸ್ನಾದಲ್ಲಿ ಟ್ರಿಮ್ ತಿರುಗಿಸಿದರೆ ಕೈಯ ಭಾರ ಇಳಿಯುತ್ತೆ, ಸ್ಟಿಕ್ ಇದ್ದಲ್ಲೇ ಇರುತ್ತೆ. ನಮ್ಮದರಲ್ಲಿ ಒಂದು ಕಡೆ ಟ್ರಿಮ್ ಒತ್ತುತ್ತಾ, ಇನ್ನೊಂದು ಕಡೆ ಸ್ಟಿಕ್ಕನ್ನು ಅಷ್ಟಷ್ಟೇ ನಡುವಿಗೆ ಬಿಡ್ತಾ ಬರಬೇಕು. ಅದಕ್ಕೇ ಟ್ರಿಮ್ಮನ್ನು ಕೀಬೋರ್ಡಿಗಲ್ಲ, ಹೆಬ್ಬೆರಳಿಗೆ ಸಿಗೋ ಬಟನ್ನಿಗೆ ಕೊಡಿ. ಎ320ಯಲ್ಲಿ ಈ ತಲೆನೋವಿಲ್ಲ. ಅದರ ಸೈಡ್‌ಸ್ಟಿಕ್ಕೂ ಬರೀ ಸ್ಪ್ರಿಂಗ್, ಗಾಳಿಯ ಒತ್ತಡ ಕೈಗೆ ಬರೋದಿಲ್ಲ, ಟ್ರಿಮ್ ಕಂಪ್ಯೂಟರ್ ನೋಡಿಕೊಳ್ಳುತ್ತೆ. ಆ ಲೆಕ್ಕದಲ್ಲಿ ನಿಮ್ಮ ಸಾಧಾರಣ ಜಾಯ್‌ಸ್ಟಿಕ್ ಸೆಸ್ನಾಕ್ಕಿಂತ ಎ320ಗೇ ಹತ್ತಿರದ ನೆಂಟ.

ಕೊನೆಯದು ಕೂರೋ ಜಾಗ. ವನ್ ಬಿಎಚ್‌ಕೆಯಲ್ಲಿ ಕಾಕ್‌ಪಿಟ್ ಕಟ್ಟೋಕೆ ಆಗಲ್ಲ, ನಿಜ. ಆದರೆ ಊಟದ ಮೇಜು ಎತ್ತರ ಜಾಸ್ತಿ. ಭುಜ ಎತ್ತಿ ಹಿಡಿದರೆ ಇಡೀ ತೋಳು ಆಡುತ್ತೆ, ಬೆರಳಿನ ಸೂಕ್ಷ್ಮ ಹೋಗುತ್ತೆ. ಮುಂಗೈ ಎಲ್ಲಾದರೂ ಊರಿರಬೇಕು. ಹಗುರ ಸ್ಟಿಕ್ ಎಳೆದಾಗ ಬುಡ ಮೇಲೇಳುತ್ತೆ. ಒಂದು ಪ್ಲೈವುಡ್ ತುಂಡಿಗೆ ವೆಲ್ಕ್ರೋ ಹಾಕಿ ಕೂರಿಸಿ, ಹಲಗೆಯನ್ನು ತೊಡೆಯ ಮೇಲಿಡಿ. ಆಟ ಮುಗಿದ ಮೇಲೆ ಮಂಚದ ಕೆಳಗೆ ತಳ್ಳಿದರಾಯ್ತು, ಮನೆಯವರಿಗೂ ತೊಂದರೆ ಇಲ್ಲ.

ಒಂದೇ ಒಂದು ಕಿವಿಮಾತು: ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ. ಡೆಡ್‌ಝೋನ್ ಬದಲಿಸಿದ ಮೇಲೆ, ಅದೇ ವಿಮಾನ, ಅದೇ ರನ್‌ವೇ, ಗಾಳಿ ಸೊನ್ನೆ, ಐದು ಲ್ಯಾಂಡಿಂಗ್. ಆಮೇಲೆ ಕರ್ವ್, ಮತ್ತೆ ಐದು. ಹಳೇ ಅಂಕಿಗಳನ್ನ ಒಂದು ಚೀಟಿಯಲ್ಲಿ ಬರೆದಿಡಿ. ಹತ್ತು ಲ್ಯಾಂಡಿಂಗ್ ಆದಮೇಲೂ ಗುರುತು ತಾನಾಗಿ ನಡುಗುತ್ತಲೇ ಇದ್ದರೆ, ಆಗ ಹೊಸ ಸ್ಟಿಕ್ಕಿಗೆ ದುಡ್ಡು ತೆಗೆಯಿರಿ. ಸ್ಟಿಕ್ಕೇ ಇಲ್ಲದವರು ಗೆಳೆಯರದ್ದೊಂದು ತಂದು, ಉಚಿತವಾಗಿ ಸಿಗೋ ಫ್ಲೈಟ್‌ಗಿಯರ್‌ನಲ್ಲಿ ಕೈ ಪಳಗಿಸಿ ನೋಡಿ.

ನಿಮ್ಮ ಸ್ಟಿಕ್ ನಾಲ್ಕು ದಿಕ್ಕಿಂದ ವಾಪಸ್ ಬರುವಾಗ ಎಷ್ಟು ವ್ಯತ್ಯಾಸ ತೋರಿಸ್ತು ಅಂತ ಅಳೆದು ತಿಳಿಸಿ. ಮುಂದಿನ ಸಲ ರಡ್ಡರ್ ಪೆಡಲ್ ಬಗ್ಗೆ ಮಾತಾಡೋಣ.