ಗಡಿಯ ಮೇಲಿನ ನಿಲ್ದಾಣ

ಯೂರೋಪು ಖಂಡವನ್ನು ಸುತ್ತಿಬಂದವರು ತಾವು ಕಂಡ ಪಟ್ಟಣಗಳ ಹೆಸರನ್ನು ಬೆರಳುಮಡಿಚಿ ಎಣಿಸಿ ಹೇಳುವುದು ವಾಡಿಕೆ. ಹತ್ತು ದಿನಕ್ಕೆ ಐದು ಪಟ್ಟಣ, ಹದಿನೈದು ದಿನಕ್ಕೆ ಎಂಟು, ಹೀಗೆ. ನಾವು ದಂಪತಿಗಳು ಬೆಳಗಾವಿಯಿಂದ ಹೊರಟು, ಪ್ಯಾರಿಸ್, ಜೂರಿಕ್, ಮಿಲಾನ್, ವೆನಿಸ್, ವಿಯೆನ್ನಾ ಎಂಬ ಐದು ನಗರಗಳನ್ನು ರೈಲುಬಂಡಿಯ ಪ್ರಯಾಣದಿಂದಲೇ ನೋಡಿ ಬಂದುದರಿಂದ, ನಮಗೂ ಅಂಥದೊಂದು ಪಟ್ಟಿಯನ್ನು ಓದುವ ಅಧಿಕಾರ ಉಂಟು. ಆದರೆ ಆ ನಗರಗಳ ಗೋಪುರಗಳನ್ನೂ ಚಿತ್ರಶಾಲೆಗಳನ್ನೂ ವರ್ಣಿಸಿದ ಪುಸ್ತಕಗಳು ಕನ್ನಡದಲ್ಲಿಯೇ ಬೇಕಾದಷ್ಟಿವೆ. ಈ ಹೊತ್ತು ತಮ್ಮೊಡನೆ ನಾವು ಆಡಬೇಕೆಂದಿರುವ ಮಾತು ನಗರನಗರಗಳ ನಡುವಿನ ದಾರಿಯನ್ನು ಕುರಿತದ್ದು. ಮತ್ತು ಆ ದಾರಿಯನ್ನು ಕಂಡುಬಂದ ಕಣ್ಣಿಗೆ, ಬೆಳಗಾವಿಯಿಂದ ಖಾನಾಪುರದ ಮೇಲೆ ಹಾಯ್ದುಹೋಗುವ ನಮ್ಮ ರೈಲುದಾರಿ ಹೇಗೆ ತೋರಿತು ಎಂಬುದನ್ನು ಕುರಿತದ್ದು.

ಪ್ಯಾರಿಸಿನಿಂದ ಜೂರಿಕ್ಕಿಗೆ ಸುಮಾರು ನಾಲ್ಕು ಗಂಟೆಯ ಪ್ರಯಾಣ. ನಡುವೆ ಒಂದು ದೇಶ ಮುಗಿದು ಇನ್ನೊಂದು ದೇಶ ಆರಂಭವಾಗುತ್ತದೆ. ಎಲ್ಲಿ ಮುಗಿಯಿತು, ಎಲ್ಲಿ ಆರಂಭವಾಯಿತು ಎಂದು ನಮಗೆ ತಿಳಿಯಲಿಲ್ಲ. ನಿಲ್ದಾಣದ ಹಲಗೆಗಳ ಮೇಲಿನ ಭಾಷೆ ಬದಲಾದುದನ್ನು ಕಂಡು, ದಾಟಿ ಬಂದೆವೆಂದು ಊಹಿಸಿಕೊಂಡೆವು. ನಮ್ಮನ್ನು ಯಾರೂ ಎಬ್ಬಿಸಲಿಲ್ಲ. ಪೆಟ್ಟಿಗೆ ತೆಗೆಯಿರೆಂದು ಯಾರೂ ಹೇಳಲಿಲ್ಲ. ಲಕ್ಸೆಂಬರ್ಗ್ ದೇಶದ ಷೆಂಗೆನ್ ಎಂಬ ಸಣ್ಣ ಹಳ್ಳಿಯಲ್ಲಿ 1985ರಲ್ಲಿ ಆದ ಒಪ್ಪಂದ, 1995ರಲ್ಲಿ ಕಾರ್ಯಗತವಾಗಿ, 2008ರಲ್ಲಿ ಸ್ವಿಟ್ಜರ್ಲೆಂಡನ್ನೂ ಒಳಗೊಂಡಿತು. ಒಂದು ಶತಮಾನದಲ್ಲಿ ಎರಡು ಸಲ ಒಬ್ಬರನ್ನೊಬ್ಬರು ಕೊಂದುಕೊಂಡ ಜನ ತಮ್ಮ ಗಡಿಯ ಬಾಗಿಲುಗಳನ್ನು ಹೀಗೆ ತೆರೆದಿಟ್ಟಿರುವುದು ಯಾವ ಗೋಪುರಕ್ಕಿಂತಲೂ ನೋಡತಕ್ಕ ವಸ್ತುವೆಂದು ನಮ್ಮ ಅಭಿಪ್ರಾಯ.

ಜೂರಿಕ್ಕಿನಿಂದ ಮಿಲಾನಿಗೆ ಹೋಗುವಾಗ ಗೊಟ್ಟಾರ್ಡ್ ಪರ್ವತದ ಅಡಿಯಲ್ಲಿ 57 ಕಿಲೋಮೀಟರು ಉದ್ದದ ಸುರಂಗವುಂಟು. 2016ರಲ್ಲಿ ತೆರೆದದ್ದು. ಶಿಲ್ಪಿಗಳ ಸಾಹಸಕ್ಕೆ ಕೈಮುಗಿಯಬೇಕು. ಆದರೆ ಇಪ್ಪತ್ತು ನಿಮಿಷ ಕಿಟಕಿಯಲ್ಲಿ ನಮ್ಮ ಮುಖಗಳ ಹೊರತು ಬೇರೇನೂ ಕಾಣಲಿಲ್ಲ. ಬೆಟ್ಟದ ಮೇಲಿನ ಹಳೆಯ ದಾರಿಯಲ್ಲಿ ಬಂಡಿ ಸುತ್ತಿ ಸುತ್ತಿ ಏರುವುದರಿಂದ, ವಾಸೆನ್ ಎಂಬ ಹಳ್ಳಿಯ ಒಂದೇ ಚರ್ಚು ಮೂರು ಬೇರೆ ಎತ್ತರಗಳಿಂದ ಕಾಣುತ್ತದೆಯಂತೆ. "ಬೆಟ್ಟ ನೋಡಲೆಂದು ಇಷ್ಟು ದೂರ ಬಂದು ಕತ್ತಲೆ ನೋಡಿದ ಹಾಗಾಯಿತು" ಎಂದರು ನಮ್ಮ ಮನೆಯವರು. ಆ ಕೊರತೆಯನ್ನು ವಿಯೆನ್ನಾದ ದಾರಿ ತುಂಬಿಕೊಟ್ಟಿತು. ಅಲ್ಲಿ ಸೆಮ್ಮೆರಿಂಗ್ ಎಂಬ ಘಾಟು ಇದೆ. ಘೇಗ ಎಂಬ ಶಿಲ್ಪಿ ಕಟ್ಟಿಸಿದ ಈ 41 ಕಿಲೋಮೀಟರಿನ ದಾರಿ 1854ರಿಂದ ಬಳಕೆಯಲ್ಲಿದೆ. ಎರಡು ಅಂತಸ್ತಿನ ಕಲ್ಲುಸೇತುವೆಗಳ ಮೇಲೆ ಬಂಡಿ ನಿಧಾನವಾಗಿ ಬಾಗಿ ಬಾಗಿ ಹೋಗುವುದನ್ನು ನೋಡುತ್ತಿದ್ದ ನಮ್ಮ ಮನೆಯವರು ಇದ್ದಕ್ಕಿದ್ದಂತೆ "ಇದು ನಮ್ಮ ಕ್ಯಾಸಲ್‌ರಾಕ್ ಘಾಟಿನಂತೆಯೇ ಇದೆಯಲ್ಲ!" ಎಂದರು. ಊರಿಗೆ ಮರಳಿ ಮಳೆಗಾಲ ಕಳೆದ ಮೇಲೆ ನಾವು ಮತ್ತೆ ಗಂಟು ಕಟ್ಟಿದ್ದು ಆ ಒಂದು ಮಾತಿನಿಂದ.

ಬೆಳಗಾವಿಯಿಂದ ದಕ್ಷಿಣಕ್ಕೆ ದೇಸೂರು, ಇದ್ದಲಹೊಂಡ, ಆ ಮೇಲೆ ಖಾನಾಪುರ. ಯೂರೋಪಿನ ಲೆಕ್ಕದಲ್ಲಿ ಇದು ಪ್ರಯಾಣವೇ ಅಲ್ಲ. ತಂದ ಬುತ್ತಿಯನ್ನು ಬಿಚ್ಚುವಷ್ಟರಲ್ಲಿ ಇಳಿಯುವ ಊರು ಬರುತ್ತದೆ. ಆದರೆ ಈ ಅಲ್ಪ ದೂರದಲ್ಲಿಯೇ ಬಯಲುಸೀಮೆ ಸರಿದು ಮಲೆನಾಡು ಎದುರಾಗುವ ಚೆಂದವನ್ನು ಕಿಟಕಿಯ ಬಳಿ ಕುಳಿತವರು ಮಾತ್ರ ಬಲ್ಲರು. ಖಾನಾಪುರವು ಮಲಪ್ರಭೆಯ ದಂಡೆಯ ಊರು, ಕುಂಬಾರಿಕೆಗೆ ಹೆಸರಾದ ಊರು. ಇದೇ ತಾಲೂಕಿನ ಕಣಕುಂಬಿಯಲ್ಲಿ ಮಲಪ್ರಭೆ ಹುಟ್ಟಿ ಮೂಡಣಕ್ಕೆ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತಾಳೆ. ಇದೇ ತಾಲೂಕಿನಲ್ಲಿ ಹುಟ್ಟಿದ ಮಹದಾಯಿಯೋ ಪಡುವಣಕ್ಕೆ ಇಳಿದು, ಗೋವೆಯಲ್ಲಿ ಮಾಂಡೋವಿ ಎನಿಸಿಕೊಂಡು, ಸಮುದ್ರ ಸೇರುತ್ತಾಳೆ. ಈ ಅಕ್ಕತಂಗಿಯರ ನೀರಿನ ವ್ಯಾಜ್ಯವನ್ನು ವಿಹಾರದ ಮಾತಿನ ನಡುವೆ ತರುವುದು ಬೇಡ.

ಮೋಟಾರು ಹಿಡಿದು ಹಲಸಿಗೆ ಹೋದೆವು. ದಾರಿಯಲ್ಲಿ ನಂದಗಡ. 1831ರ ಜನವರಿ 26ರಂದು ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದ ಸ್ಥಳ ಅದು. ಉಲ್ಲಾಸಕ್ಕೆಂದು ಹೊರಟವರ ಮಾತು ಅಲ್ಲಿ ತಾನಾಗಿಯೇ ತಗ್ಗುತ್ತದೆ. ಹಲಸಿಯು ಕದಂಬರ ಶಾಸನಗಳ ಪಲಾಶಿಕಾ. ಬನವಾಸಿಯ ಅರಸರಿಗೆ ಎರಡನೆಯ ರಾಜಧಾನಿಯಾಗಿದ್ದ ಈ ಊರು, ಹನ್ನೆರಡನೆಯ ಶತಮಾನದಲ್ಲಿ ಗೋವೆಯ ಕದಂಬರ ಆಳ್ವಿಕೆಯಲ್ಲಿತ್ತು. ಅವರ ಕಾಲದ ಭೂವರಾಹ ನರಸಿಂಹ ದೇವಾಲಯದಲ್ಲಿ ಎರಡು ಗರ್ಭಗುಡಿಗಳು ಎದುರುಬದುರಾಗಿ ನಿಂತಿವೆ. ನಡುವೆ ನಿಂತವರು ಒಂದು ದೇವರಿಗೆ ಬೆನ್ನು ತೋರದೆ ಇನ್ನೊಂದಕ್ಕೆ ಕೈಮುಗಿಯುವುದು ಕಷ್ಟ. ನಮಗೆ ಮುಖ್ಯವಾಗಿ ತೋರಿದ್ದು ಇದು: ಘಟ್ಟದ ಮೇಲಿನ ಹಲಸಿಗೂ ಘಟ್ಟದ ಕೆಳಗಿನ ಗೋವೆಗೂ ಅಂದು ಒಬ್ಬನೇ ಅರಸ. ನಡುವೆ ಗಡಿ ಎಂಬುದೊಂದು ಬಂದದ್ದು ಬಹಳ ತಡವಾಗಿ.

ಆ ಗಡಿಯ ಮೇಲಿನ ನಿಲ್ದಾಣವೇ ಕ್ಯಾಸಲ್‌ರಾಕ್. ಖಾನಾಪುರ ತಾಲೂಕಿನ ಲೋಂಡಾದಲ್ಲಿ ಬಂಡಿ ಬದಲಿಸಿ ಪಶ್ಚಿಮಕ್ಕೆ ಹೊರಟರೆ, ಜೋಯಿಡಾ ಸೀಮೆಯ ಕಾಡಿನಲ್ಲಿ ಈ ಸ್ಟೇಷನ್ ಸಿಕ್ಕುತ್ತದೆ. 1878ರಲ್ಲಿ ಇಂಗ್ಲಿಷರಿಗೂ ಪೋರ್ತುಗೀಸರಿಗೂ ಆದ ಒಡಂಬಡಿಕೆಯ ಫಲವಾಗಿ ಮರ್ಮಗೋವೆಯಿಂದ ಇಲ್ಲಿಯವರೆಗೆ ಒಂದು ಕಂಪನಿ, ಇಲ್ಲಿಂದ ಮುಂದೆ ಸದರ್ನ್ ಮರಾಠಾ ಕಂಪನಿ ಹಳಿ ಹಾಕಿದವು. ಈ ಕಡೆ ಕ್ಯಾಸಲ್‌ರಾಕಿನಲ್ಲಿ ಒಂದು ಸುಂಕದ ಕಟ್ಟೆ, ಆ ಕಡೆ ಘಾಟಿನ ಬುಡದ ಕುಳೆಂನಲ್ಲಿ ಪೋರ್ತುಗೀಸರ ಸುಂಕದ ಕಟ್ಟೆ. ಬೆಳಗಾವಿಯವರು ಹಡಗು ಹತ್ತದೆ ಯೂರೋಪಿನ ಒಂದು ಸರಕಾರದ ನೆಲವನ್ನು ರೈಲಿನಲ್ಲಿಯೇ ಮುಟ್ಟುತ್ತಿದ್ದ ಕಾಲವೊಂದಿತ್ತು ಎಂದರೆ ಇಂದಿನ ಹುಡುಗರು ನಗುತ್ತಾರೆ.

ನಮ್ಮ ಅತ್ತೆಯವರು ಮಡಗಾಂವದಿಂದ 1950ರಲ್ಲಿ ಬೆಳಗಾವಿಗೆ ಸೊಸೆಯಾಗಿ ಬಂದವರು. ವರ್ಷಕ್ಕೊಮ್ಮೆ ಈ ಬಂಡಿಯಲ್ಲಿ ತವರಿಗೆ ಹೋಗುತ್ತಿದ್ದರು. ಹೋಗುವಾಗ ಬೆಳಗಾವಿಯ ಕುಂದ, ಬರುವಾಗ ಕೋಕಮ್ಮು, ಖಾಜೆ. ಎರಡು ಕಟ್ಟೆಗಳಲ್ಲಿಯೂ ಗಂಟು ಬಿಚ್ಚಿ ತೋರಿಸಿ ಮತ್ತೆ ಕಟ್ಟಬೇಕು. ಅದನ್ನು ಅವರು ಬೇಸರವೆಂದು ಎಂದೂ ಹೇಳಿದವರಲ್ಲ. 1955ರ ಆಗಸ್ಟಿನಲ್ಲಿ ಗೋವೆಯ ಸತ್ಯಾಗ್ರಹಿಗಳ ಮೇಲೆ ಗುಂಡು ಹಾರಿದ ಮೇಲೆ ಬಂಡಿಯೇ ನಿಂತಿತು. 1958ರಲ್ಲಿ ಅವರ ತಂದೆ ತೀರಿಕೊಂಡರು. ಸುದ್ದಿ ಮುಟ್ಟುವ ಹೊತ್ತಿಗೆ ಮೈಲಿಗೆಯ ದಿನಗಳು ಕಳೆದುಹೋಗಿದ್ದವು. 1961ರ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ದಂಡು ನೆರೆಯಿತು. ರಸ್ತೆಯ ತುಂಬ ಸೈನ್ಯದ ಲಾರಿಗಳು ಹೋಗುತ್ತಿದ್ದುದನ್ನು ನಮ್ಮ ಮನೆಯವರು ಎಳೆಯ ಮಗುವಾಗಿ ನೋಡಿದ ನೆನಪು ಇನ್ನೂ ಇದೆ. 19ನೆಯ ತಾರೀಖು ಗೋವೆ ಬಿಡುಗಡೆಯಾಯಿತು. ದಾರಿ ತೆರೆದು ಅತ್ತೆಯವರು ತವರಿನ ಹೊಸ್ತಿಲು ತುಳಿಯುವಷ್ಟರಲ್ಲಿ, ತಂದೆಯ ಮೂರು ತಿಥಿಗಳು ಮಗಳಿಲ್ಲದೆಯೇ ನಡೆದುಹೋಗಿದ್ದವು.

ಕ್ಯಾಸಲ್‌ರಾಕಿನಲ್ಲಿ ನಮ್ಮ ಬಂಡಿ ಸ್ವಲ್ಪ ಹೊತ್ತು ನಿಂತಿತು. 37 ಅಡಿಗೆ ಒಂದು ಅಡಿ ಇಳಿಯುವ ಘಾಟು ಮುಂದಿದ್ದುದರಿಂದ, ಬೇರೆ ಎಂಜಿನುಗಳನ್ನು ಜೋಡಿಸುತ್ತಿದ್ದರು. ನಮ್ಮ ಮನೆಯವರು ಮಂಡಿನೋವನ್ನೂ ಲೆಕ್ಕಿಸದೆ ಕೆಳಗಿಳಿದು, ಸ್ಟೇಷನಿನ ಈ ತುದಿಯಿಂದ ಆ ತುದಿಯವರೆಗೆ ನಿಧಾನವಾಗಿ ನಡೆದರು. ಅವರ ಕೈಯಲ್ಲಿ ಕುಂದದ ಪೊಟ್ಟಣ. ಅದನ್ನು ಬಿಚ್ಚಿ ತೋರಿಸಿರೆಂದು ಕೇಳುವವರು ಅಲ್ಲಿ ಯಾರೂ ಇರಲಿಲ್ಲ. ಫ್ರಾನ್ಸಿನ ಗಡಿಯಲ್ಲಿ ಯಾರೂ ಕೇಳದಿದ್ದುದು ನಮಗೆ ವಿನೋದವಾಗಿತ್ತು. ಇಲ್ಲಿ ಇಬ್ಬರಿಗೂ ಮಾತು ಬರಲಿಲ್ಲ.

ಆ ಮೇಲೆ ಸುರಂಗಗಳ ಸಾಲು. ಗೊಟ್ಟಾರ್ಡಿನದರಂತಲ್ಲ, ಕತ್ತಲೆ ಕವಿಯುತ್ತಲೇ ಬೆಳಕು ಬರುವಂಥವು. ನಾಲ್ಕು ಹಂತಗಳಲ್ಲಿ 310 ಮೀಟರು ಧುಮುಕುವ ದೂಧಸಾಗರದ ಮುಂದೆ ಸೇತುವೆಯ ಮೇಲೆ ಬಂಡಿ ತೆವಳಿತು, ತುಂತುರು ಕಿಟಕಿಯೊಳಕ್ಕೆ ಬಂದಿತು. ಅಲ್ಲಿ ಇಳಿದು ಹಳಿಯ ಮೇಲೆ ನಡೆಯಬಾರದೆಂದು ರೈಲ್ವೆಯವರ ಕಟ್ಟಪ್ಪಣೆಯಿದೆ. ಸೆಮ್ಮೆರಿಂಗಿನಲ್ಲಿ ಹಳಿಯ ಪಕ್ಕದ ಬೆಟ್ಟದಲ್ಲಿ ನಡೆಯುವವರಿಗೆಂದೇ ಕಾಲುದಾರಿ ಮಾಡಿಟ್ಟಿದ್ದಾರೆ. ಅಂಥದೊಂದು ಇಲ್ಲಿಯೂ ಆದರೆ ಕಾಡು ಕೆಡುತ್ತದೆಯೇ ಎಂದು ನಾವು ಕುಳೆಂ ಬರುವವರೆಗೂ ಚರ್ಚಿಸಿದೆವು. ಆಗಲೆಂದು ನಾವು, ಬೇಡವೆಂದು ನಮ್ಮ ಮನೆಯವರು, ಚರ್ಚೆ ತೀರಲಿಲ್ಲ.

ಕುಳೆಂನಲ್ಲಿ ಹೆಚ್ಚಿನ ಎಂಜಿನುಗಳನ್ನು ಕಳಚಿದರು. ಹುಡುಗನೊಬ್ಬ ಕೋಕಮ್ ಶರಬತ್ತು ಮಾರುತ್ತ ಬಂದ. ನಮ್ಮ ಮನೆಯವರು ಅವನೊಡನೆ ಕೊಂಕಣಿಯಲ್ಲಿ ಮಾತಾಡಿ ಎರಡು ಲೋಟ ಕೊಂಡು, ಚಿಲ್ಲರೆಯ ಜೊತೆಗೆ ಅವನ ಅಂಗೈಯಲ್ಲಿ ಒಂದಿಷ್ಟು ಕುಂದವನ್ನೂ ಇಟ್ಟರು.