ಬಡವರ ಮನೆಯ ಜೀರ್ಣೋದ್ಧಾರ



ಜೀರ್ಣೋದ್ಧಾರವೆಂಬ ಶಬ್ದವು ನಮ್ಮ ಕಿವಿಗೆ ಹೊಸದಲ್ಲ. ಗುಡಿಯ ಗೋಡೆ ಬಿರಿದರೆ, ಮಠದ ಮಾಳಿಗೆ ಸೋರಿದರೆ, ಊರವರು ಕೂಡಿ ಪಟ್ಟಿ ಎತ್ತಿ ಅದನ್ನು ನೆಟ್ಟಗೆ ಮಾಡುವರು. ಆದರೆ ಬಡವನ ಮನೆಯ ವಿಷಯದಲ್ಲಿ ಈ ಶಬ್ದವನ್ನು ನಾವು ಬಳಸುವುದೇ ಇಲ್ಲ. ಅವನ ಮನೆಯು ಬಿದ್ದ ಬಳಿಕ ಮರುಗುತ್ತೇವೆ. ಬೀಳುವುದಕ್ಕೆ ಮೊದಲು ಅತ್ತ ನೋಡುವುದಿಲ್ಲ.

ಬಯಲುಸೀಮೆಯ ಮಣ್ಣಿನ ಮಾಳಿಗೆಯ ಮನೆಗಳನ್ನು ತಾವೆಲ್ಲರೂ ಬಲ್ಲಿರಿ. ಕಂಬ, ತೊಲೆ, ಜಂತಿ, ಅವುಗಳ ಮೇಲೆ ಮಣ್ಣಿನ ಹೊದಿಕೆ. ಪ್ರತಿವರ್ಷವೂ ಮುಂಗಾರಿಗೆ ಮುನ್ನ ಮಾಳಿಗೆಗೆ ಹೊಸ ಮಣ್ಣು ಹಾಕಿ, ಇಲಿಯ ಬಿಲಗಳನ್ನು ಮುಚ್ಚಿ, ನೀರು ಹೊರಗೆ ಬೀಳುವ ದೋಣಿಯನ್ನು ತೆರವು ಮಾಡಿದರೆ ಅಂಥ ಮನೆಯು ತಲೆಮಾರುಗಳ ಕಾಲ ನಿಲ್ಲುವುದು. ಒಂದೆರಡು ವರ್ಷ ಈ ಕೆಲಸವು ತಪ್ಪಿದರೆ ನೀರು ಜಂತಿಗೆ ಇಳಿಯುವುದು, ಜಂತಿಯು ಕೊಳೆಯುವುದು, ಗೋಡೆಯ ತಲೆಯು ನೆನೆಯುವುದು. ಕೊನೆಗೊಂದು ಮಳೆಗಾಲದ ರಾತ್ರಿ ಮಲಗಿದವರ ಮೇಲೆಯೇ ಗೋಡೆಯು ಕುಸಿಯುವುದು. ಆಳಿನ ಕೂಲಿಗೂ ಮಣ್ಣಿನ ಬಂಡಿಗೂ ಹಣವಿಲ್ಲದೆ ಮೊದಲಾದ ಕೇಡು ಪ್ರಾಣಹಾನಿಯಲ್ಲಿ ಮುಗಿಯುವುದು.

ಬಡವರ ವಸತಿಗಾಗಿ ಸರಕಾರವು ಏನನ್ನೂ ಮಾಡಿಲ್ಲವೆಂದು ಹೇಳಲಾಗದು. 1985ರಲ್ಲಿ ಆರಂಭವಾದ ಇಂದಿರಾ ಆವಾಸ ಯೋಜನೆಯಲ್ಲಿ 1999-2000ರಿಂದ ನೂರಕ್ಕೆ 20 ಪಾಲು ಹಣವನ್ನು ಕಚ್ಚಾ ಮನೆಗಳ ಸುಧಾರಣೆಗೆಂದು ತೆಗೆದಿರಿಸಲಾಯಿತು. ಮನೆಯೊಂದಕ್ಕೆ 12,500 ರೂಪಾಯಿಗಳಿದ್ದ ಈ ನೆರವು 2008ರಲ್ಲಿ 15,000 ರೂಪಾಯಿಗಳಿಗೆ ಏರಿತು. 2016ರಲ್ಲಿ ಅದರ ಸ್ಥಾನಕ್ಕೆ ಬಂದ ಪ್ರಧಾನಮಂತ್ರಿ ಆವಾಸ ಯೋಜನೆಯು ಬಯಲು ಪ್ರದೇಶದ ಹಳ್ಳಿಯ ಮನೆಗೆ 1,20,000 ರೂಪಾಯಿಗಳನ್ನು ಗೊತ್ತುಮಾಡಿತು. ಮೊಬಲಗು ಹೆಚ್ಚಿತು, ನಿಜ. ಆದರೆ ಇದರ ದೃಷ್ಟಿಯೆಲ್ಲ ಹೊಸ ಮನೆಯ ಮೇಲಿದೆ. ಇಪ್ಪತ್ತು ವರ್ಷಗಳ ಹಿಂದೆ ಸರಕಾರದ ನೆರವಿನಿಂದಲೇ ಮನೆ ಕಟ್ಟಿಕೊಂಡು ಇಂದು ಸೋರುವ ಛಾವಣಿಯ ಕೆಳಗೆ ಕುಳಿತಿರುವ ಬಡವನು ಯಾರ ಬಾಗಿಲಿಗೆ ಹೋಗಬೇಕು?

ವಿಪತ್ತು ಬಂದಾಗ ನೆರವಿನ ಕಟ್ಟಳೆಯು ಹೇಗಿತ್ತೆಂಬುದನ್ನೂ ನೋಡೋಣ. 2019ರ ಆಗಸ್ಟಿನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ನದಿಗಳು ಉಕ್ಕಿ ಬೆಳಗಾವಿ ಬಾಗಲಕೋಟೆಗಳ ಸೀಮೆಯಲ್ಲಿ ಅಸಂಖ್ಯ ಮನೆಗಳನ್ನು ಕೆಡವಿದವು. ಆಗ ಜಾರಿಯಲ್ಲಿದ್ದ ಕೇಂದ್ರದ ನಿಯಮದಂತೆ ಬಯಲು ನಾಡಿನಲ್ಲಿ ಪೂರ್ಣ ಬಿದ್ದ ಮನೆಗೆ 95,100 ರೂಪಾಯಿ. ನೂರಕ್ಕೆ 15 ಪಾಲಾದರೂ ಕೆಟ್ಟಿದ್ದರೆ ಪಕ್ಕಾ ಮನೆಗೆ 5,200, ಕಚ್ಚಾ ಮನೆಗೆ 3,200 ರೂಪಾಯಿ. ಇದು ಸಾಲದೆಂದು ಕಂಡು ರಾಜ್ಯ ಸರಕಾರವು ಪೂರ್ಣ ಬಿದ್ದ ಮನೆಗೆ 5 ಲಕ್ಷ, ಹೆಚ್ಚಾಗಿ ಕೆಟ್ಟ ಮನೆಯ ದುರಸ್ತಿಗೆ 3 ಲಕ್ಷ, ಅಲ್ಪವಾಗಿ ಕೆಟ್ಟುದಕ್ಕೆ 50,000 ರೂಪಾಯಿಗಳನ್ನು ನಿಗದಿಮಾಡಿದ್ದು ಶ್ಲಾಘ್ಯವಾದುದೇ. ಆದರೆ ಕೇಂದ್ರದ ಆ ಕಟ್ಟಳೆಯಲ್ಲಿ ಒಂದು ಪಾಠವಿದೆ. ಹದಿನೈದಕ್ಕಿಂತ ಕಡಿಮೆ ಕೆಟ್ಟ ಮನೆಗೆ ಏನೂ ಇಲ್ಲ; ದುರಸ್ತಿಗೆ ತಕ್ಕ ಕಾಲವಾದರೋ ಅದೇ! ಕೈಯಷ್ಟಗಲದ ಬಿರುಕಿಗೆ ಕೊಡದ ಹಣವನ್ನು ಮನೆಯು ನೆಲಸಮವಾದ ಮೇಲೆ ಹತ್ತು ಪಟ್ಟು ಮಾಡಿ ಕೊಡಬೇಕಾಗುವುದು.

ಹಣವು ಮಂಜೂರಾದರೂ ಬಡವನ ಕೈಗೆ ಬಾರದಂತೆ ತಡೆಯುವುದು ಇನ್ನೊಂದುಂಟು. ಅದೇ ಕಾಗದಪತ್ರ. ಮಾವನು ತೀರಿಕೊಂಡು ಎಷ್ಟೋ ವರ್ಷಗಳಾದವು, ಗಂಡನೂ ಇಲ್ಲ, ವಿಧವೆಯಾದ ಸೊಸೆಯು ಆ ಮನೆಯಲ್ಲಿಯೇ ಬಾಳುತ್ತಿದ್ದಾಳೆ. ಪಂಚಾಯಿತಿಯ ಪುಸ್ತಕದಲ್ಲಿ ಇಂದಿಗೂ ಮಾವನ ಹೆಸರೇ ಉಂಟು. ಗೋಡೆ ಬಿದ್ದ ದಿನ ಅವಳು ಅರ್ಜಿ ಹಿಡಿದು ಹೋದರೆ, ಮನೆಯು ನಿನ್ನದೆಂಬುದಕ್ಕೆ ಆಧಾರವೇನೆಂದು ಕೇಳುತ್ತಾರೆ. ಈ ತೊಡಕು ನಮ್ಮ ನಾಡಿಗೆ ಮಾತ್ರ ಸೀಮಿತವಲ್ಲ. ಅಮೆರಿಕದ ಫಿಲಡೆಲ್ಫಿಯಾ ನಗರದ ಆಡಳಿತವು ಬಡ ಮನೆಯೊಡೆಯರ ಛಾವಣಿ, ನಲ್ಲಿಯ ಕೊಳವೆ, ವಿದ್ಯುತ್ತಿನ ತಂತಿಗಳನ್ನು ಹಣ ಕೇಳದೆ ಸರಿಮಾಡಿಸಿಕೊಡುವ ಯೋಜನೆಯೊಂದನ್ನು ಇರಿಸಿಕೊಂಡಿದೆ. ಅಂಥ ಊರಿನಲ್ಲಿಯೂ ಸತ್ತವರ ಹೆಸರಿನಲ್ಲಿಯೇ ಉಳಿದಿರುವ, ಒಡೆತನ ತೊಡಕಾದ ಮನೆಗಳು ಹತ್ತು ಸಾವಿರಕ್ಕೆ ಮಿಕ್ಕಿದ್ದುವೆಂದು 2021ರ ಅಧ್ಯಯನವೊಂದು ತೋರಿಸಿತು. ಆ ತೊಡಕನ್ನು ಬಿಡಿಸುವ ಖರ್ಚಿಗೆಂದೇ ಅಲ್ಲಿ ಪ್ರತ್ಯೇಕ ನಿಧಿಯುಂಟು. ಗೋಡೆಯ ದುರಸ್ತಿಗೆ ಮೊದಲು ಖಾತೆಯ ದುರಸ್ತಿಯಾಗಬೇಕೆಂಬುದನ್ನು ಅವರು ಕಂಡುಕೊಂಡಿದ್ದಾರೆ.

ನಮ್ಮಲ್ಲಿಯೂ ದಾರಿಗಳಿಲ್ಲದಿಲ್ಲ. 1992ರ ಸಂವಿಧಾನ ತಿದ್ದುಪಡಿಯಿಂದ ಸೇರಿದ ಹನ್ನೊಂದನೆಯ ಅನುಸೂಚಿಯಲ್ಲಿ ಗ್ರಾಮೀಣ ವಸತಿಯು ಪಂಚಾಯಿತಿಗಳಿಗೆ ವಹಿಸಬಹುದಾದ ವಿಷಯಗಳಲ್ಲಿ ಒಂದಾಗಿದೆ. ಹಳ್ಳಿಯ ಮನೆಗಳಿಗೆ ಇ-ಸ್ವತ್ತಿನ ಉತಾರವಿದೆ. 2020ರಲ್ಲಿ ಆರಂಭವಾದ ಸ್ವಾಮಿತ್ವ ಯೋಜನೆಯು ಡ್ರೋನಿನಿಂದ ಊರ ನಿವೇಶನಗಳನ್ನು ಅಳೆದು ಒಡೆತನದ ಪತ್ರ ಕೊಡುವ ಉದ್ದೇಶವುಳ್ಳದ್ದು. ಇರುವ ಈ ಅನುಕೂಲಗಳು ಅಕ್ಷರ ಬಾರದ ಮುದುಕಿಯ ಮನೆಯ ಹೊಸ್ತಿಲನ್ನು ಮುಟ್ಟುವಂತೆ ಮಾಡುವವರು ಯಾರು? ನಾವೇ ಅಲ್ಲವೇ?

ಆದಕಾರಣ ಸದ್ಭಕ್ತರಲ್ಲಿ ನನ್ನ ವಿಜ್ಞಾಪನೆಯಿಷ್ಟು. ಓದುಬರೆಹ ಬಲ್ಲವರು ತಮ್ಮ ತಮ್ಮ ಓಣಿಯಲ್ಲಿ ಸತ್ತವರ ಹೆಸರಿನಲ್ಲಿಯೇ ಇರುವ ಮನೆಗಳನ್ನು ಗುರುತಿಸಿ, ಮರಣಪತ್ರ ವಂಶವೃಕ್ಷಗಳನ್ನು ಒದಗಿಸಿ, ವಾರಸುದಾರರ ಹೆಸರಿಗೆ ಖಾತೆಯಾಗುವಂತೆ ನೆರವಾಗಲಿ. ಮುಂಗಾರಿಗೆ ಮುನ್ನ ಹಿರಿಯರು ಓಣಿಯನ್ನೊಮ್ಮೆ ಸುತ್ತಿ ಬಿರಿದ ಗೋಡೆಗಳನ್ನು ನೋಡಲಿ. ಅಪಾಯವಿದ್ದಲ್ಲಿ ಮಳೆ ನಿಲ್ಲುವ ತನಕ ಆ ಮನೆಯವರನ್ನು ಬೇರೆಡೆಯಲ್ಲಿ ಮಲಗಿಸಲಿ. ಮನೆಯು ಬಿದ್ದರೆ, ಮಣ್ಣನ್ನು ತೆಗೆಯುವ ಮೊದಲೇ ಚಿತ್ರ ತೆಗೆಸಿ ಅಧಿಕಾರಿಗಳಿಗೆ ಅರ್ಜಿ ಕೊಡಿಸಲಿ. ಗ್ರಾಮಸಭೆಗೆ ತಪ್ಪದೆ ಹೋಗಿ, ಹೊಸ ಮನೆಗಳ ಪಟ್ಟಿಯೊಡನೆ ಹಳೆಯ ಮನೆಗಳ ದುರಸ್ತಿಯ ಮಾತನ್ನೂ ಎತ್ತಲಿ. ಕೇಳುವವರಿಲ್ಲದ ಕೆಲಸಕ್ಕೆ ಯಾವ ಪಂಚಾಯಿತಿಯೂ ಹಣ ಇಡುವುದಿಲ್ಲ.

ಸ್ವಂತ ಮನೆಯುಳ್ಳವನು ಬಡವನೆಂತಾದಾನು ಎಂದು ಕೆಲವರು ಕೇಳುವುದುಂಟು. ಹಿರಿಯರು ಬಿಟ್ಟುಹೋದ ನಾಲ್ಕು ಗೋಡೆಗಳಿದ್ದ ಮಾತ್ರಕ್ಕೆ ಹೊಟ್ಟೆ ತುಂಬುವುದಿಲ್ಲ. ಅವುಗಳನ್ನು ನಿಲ್ಲಿಸಿಕೊಳ್ಳುವ ಶಕ್ತಿಯೂ ಬರುವುದಿಲ್ಲ. ಆ ಗೋಡೆಗಳು ಬಿದ್ದ ದಿನ ಅವನಲ್ಲಿದ್ದ ಅದೊಂದು ಆಸ್ತಿಯೂ ಹೋಗುವುದು. ಸೋರುವ ಮಾಳಿಗೆಗೆ ಇಂದು ಹಾಕಿಸಿದ ಒಂದು ಬಂಡಿ ಮಣ್ಣು ನಾಳೆ ಒಂದು ಸಂಸಾರವನ್ನು ಕಾಯುವುದು. ಈ ಜೀರ್ಣೋದ್ಧಾರಕ್ಕೂ ಊರು ಕೈಗೂಡಿಸಲೆಂದು ಪ್ರಾರ್ಥಿಸಿ, ನನ್ನ ಮಾತನ್ನು ಮುಗಿಸುತ್ತೇನೆ.