ಕೋಟೆ ಬೀದಿಯಿಂದ ಅಂತರಗಂಗೆಯವರೆಗೆ

2017ರಲ್ಲಿ ಹಾವೇರಿಯಿಂದ ಕೋಲಾರಕ್ಕೆ ವರ್ಗವಾಗಿ ಬಂದ ದಿನ ಬಸ್ಸಿನ ಕಂಡಕ್ಟರು, "ಡೂಂ ಲೈಟಲ್ಲಿ ಇಳ್ಕೊಳ್ಳಿ ಸಾರ್" ಅಂದರು. ಇಳಿದೆ. ಮಟಮಟ ಮಧ್ಯಾಹ್ನ, ತಲೆ ಎತ್ತಿ ಲೈಟು ಹುಡುಕುತ್ತ ನಿಂತೆ. ಪಕ್ಕದಲ್ಲಿ ಕಡ್ಲೆಕಾಯಿ ಮಾರುತ್ತಿದ್ದ ಹೆಂಗಸು ತೆಲುಗಿನಲ್ಲಿ ಏನೋ ಕೇಳಿದರು. ನಾನು ಕನ್ನಡದಲ್ಲಿ ಏನೋ ಉತ್ತರ ಕೊಟ್ಟೆ. ಡೂಂ ಲೈಟ್ ಅನ್ನುವುದು ಒಂದು ಸರ್ಕಲ್ಲಿನ ಹೆಸರು ಎಂದು ತಿಳಿಯುವ ಹೊತ್ತಿಗೆ ಹತ್ತು ರೂಪಾಯಿ ಕಡ್ಲೆಕಾಯಿ ಖಾಲಿಯಾಗಿತ್ತು.

ಹೊಸ ಊರಿಗೆ ಬಂದವನು ಮೊದಲು ಕೇಳುವುದು, ಇಲ್ಲಿ ನೋಡುವಂಥದ್ದು ಏನಿದೆ ಅಂತ. ನಾನೂ ಆಫೀಸಿನಲ್ಲಿ ಕೇಳಿದೆ. ಒಬ್ಬರು ಮುಳಬಾಗಿಲಿಗೆ ಹೋಗಿ ಅಂದರು: ಆಂಜನೇಯನ ದರ್ಶನ, ಆಮೇಲೆ ದೋಸೆ, ಅಲ್ಲಿಂದ ಹತ್ತಿರದಲ್ಲೇ ಕುರುಡುಮಲೆ ಗಣಪ. ಇನ್ನೊಬ್ಬರು ಆವನಿ ಬಿಡಬೇಡಿ ಅಂದರು. ಸಾಹಿತ್ಯದ ಹುಚ್ಚಿದ್ದ ಮೂರನೆಯವರು ಡಿ.ವಿ.ಜಿ. ಹುಟ್ಟಿದ ಮುಳಬಾಗಿಲಿನಿಂದ ಮಾಲೂರು ತಾಲ್ಲೂಕಿನ ಮಾಸ್ತಿಯವರೆಗೆ ಒಂದು ದಿನದ ಯಾತ್ರೆಯನ್ನೇ ಬರೆದುಕೊಟ್ಟರು. ಶ್ರೀನಿವಾಸಪುರಕ್ಕೆ ಮಾತ್ರ ಮಾವಿನ ಕಾಲದಲ್ಲಿ ಹೋಗಿ ಎಂದು ಎಲ್ಲರೂ ಒಕ್ಕೊರಲಿನಿಂದ ಹೇಳಿದರು. ಊರಿನಲ್ಲಿ ನನ್ನ ನೆಂಟರಿಗೋ ಒಂದೇ ಪ್ರಶ್ನೆ: ಚಿನ್ನದ ಗಣಿ ಪಕ್ಕದಲ್ಲೇ ಅಲ್ಲವೇ? ಗಣಿ ಇಲ್ಲಿಂದ ಸುಮಾರು 30 ಕಿಲೋಮೀಟರ್ ದೂರ, 2001ರಲ್ಲೇ ಮುಚ್ಚಿದೆ ಅಂದರೆ ಅವರ ಮುಖ ಸಣ್ಣದಾಗುತ್ತಿತ್ತು. "ಅದೆಲ್ಲ ಸರಿ, ಕೋಲಾರದಲ್ಲೇ ಏನಿದೆ?" ಎಂದು ನಾನು ಮತ್ತೆ ಕೇಳಿದ್ದಕ್ಕೆ ಬಂದ ಉತ್ತರ ಇಷ್ಟು: "ಇಲ್ಲೇನಿದೆ ಸಾರ್, ಕೋಲಾರಮ್ಮ ಐತೆ."

ಬಾಡಿಗೆ ಮನೆ ಸಿಕ್ಕಿದ್ದು ಕೋಟೆಯಲ್ಲಿ. ಕೋಟೆ ಅಂದರೆ ಬಡಾವಣೆಯ ಹೆಸರು. ಗೋಡೆ, ಕಂದಕ ಹುಡುಕಿಕೊಂಡು ಬಂದವರಿಗೆ ಸಿಗುವುದು ಮನೆ, ಅಂಗಡಿ, ನಿಲ್ಲಿಸಿದ ಸ್ಕೂಟರು. ಮನೆಯಿಂದ ಕಾಲ್ನಡಿಗೆಯ ದೂರದಲ್ಲಿ ನನ್ನ ಮೆಚ್ಚಿನ ಕೆಲವು ಜಾಗಗಳಿವೆ. ಅವುಗಳ ಹಿಂದಿನ ಕಥೆ ಬಿಡಿಸಿಕೊಳ್ಳಲು ನನಗೆ ಏಳೆಂಟು ವರ್ಷ ಹಿಡಿಯಿತು.

ಮೊದಲು ಹೆಸರಿನಿಂದಲೇ ಶುರುಮಾಡೋಣ. ಪರಶುರಾಮ ಕಾರ್ತವೀರ್ಯನನ್ನು ಕೊಂದಾಗ ಎದ್ದ ಕೋಲಾಹಲದಿಂದ ಕೋಲಾಹಲಪುರ, ಅದೇ ಕೋಲಾರ ಎಂದು ಊರಿನ ಹಿರಿಯರು ಹೇಳುತ್ತಾರೆ. ಶಾಸನಗಳು ಹೇಳುವ ಹೆಸರು ಕುವಲಾಲ, ಕುವಲಾಲಪುರ. ನಾಲ್ಕನೆಯ ಶತಮಾನದಲ್ಲಿ ರಾಜ್ಯ ಕಟ್ಟಿದ ಗಂಗರಿಗೆ ಇದು ಮೊದಲ ರಾಜಧಾನಿ. ಆಮೇಲೆ ಅವರು ಕಾವೇರಿ ದಡದ ತಲಕಾಡಿಗೆ ಹೊರಟುಹೋದರು. ಹೋದ ಮೇಲೂ ಬಿರುದಿನಲ್ಲಿ ಈ ಊರನ್ನು ಬಿಡಲಿಲ್ಲ. ನೂರಾರು ವರ್ಷ ಕಳೆದರೂ ಗಂಗ ದೊರೆಗಳು 'ಕುವಲಾಲಪುರವರೇಶ್ವರ' ಎಂದೇ ಕರೆಸಿಕೊಂಡರು. ವರ್ಗವಾಗಿ ಹೋದರೂ ಪಡಿತರ ಚೀಟಿಯನ್ನು ಹಳೇ ವಿಳಾಸದಲ್ಲೇ ಇಟ್ಟುಕೊಂಡಿರುವ ನನ್ನಂಥವನಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ.

ಕೋಲಾರಮ್ಮನ ಗುಡಿಗೆ ನಾನು ಮೊದಲ ಸಲ ಹೋದದ್ದು ಒಂದು ಮಂಗಳವಾರ, ನಮ್ಮ ಮನೆಯ ಓನರಮ್ಮನ ಜೊತೆ. ಗರ್ಭಗುಡಿಯ ಮುಂದೆ ನಿಂತು ನಾನು ಇಣುಕಲು ಹೋದೆ. ಆಕೆ ನನ್ನ ರಟ್ಟೆ ಹಿಡಿದು ಪಕ್ಕಕ್ಕೆಳೆದರು. "ಅಲ್ಲಿ ನೋಡಬೇಡಪ್ಪ, ಇಲ್ಲಿ ನೋಡು." ಎದುರಿಗೆ ಒಂದು ಕನ್ನಡಿ. ಅದರಲ್ಲಿ ದೀಪದ ಬೆಳಕು, ಕುಂಕುಮದ ಕೆಂಪು, ಹೂವಿನ ರಾಶಿಯ ನಡುವೆ ಅಮ್ಮನ ಮುಖ. ದುರ್ಗೆ ಬಲು ಉಗ್ರ, ನೇರವಾಗಿ ಕಣ್ಣಿಗೆ ಕಣ್ಣು ಕೊಡಬಾರದು, ಕನ್ನಡಿಯಲ್ಲಿ ನೋಡಿ ಕೈಮುಗಿಯಬೇಕು ಎನ್ನುವುದು ಇಲ್ಲಿನ ರೂಢಿ. ದೇವಿಯನ್ನು ನೋಡಲು ಹೋದವನಿಗೆ ಅದೇ ಕನ್ನಡಿಯ ಅಂಚಿನಲ್ಲಿ ತನ್ನ ಮುಖವೂ ಕಾಣುತ್ತದೆ. ಅವತ್ತು ನನ್ನ ಮುಖ ಸ್ವಲ್ಪ ಗಾಬರಿಯಲ್ಲಿತ್ತು.

ಗುಡಿ ಎಲ್ ಆಕಾರದಲ್ಲಿದೆ. ಒಂದು ಕಡೆ ಕೋಲಾರಮ್ಮ, ಇನ್ನೊಂದು ಕಡೆ ಗಾರೆಯಲ್ಲಿ ಮಾಡಿದ ದೊಡ್ಡ ದೊಡ್ಡ ಸಪ್ತಮಾತೃಕೆಯರು. ಚೇಳಮ್ಮ ಇರುವುದೂ ಇಲ್ಲೇ. ಚೇಳಮ್ಮನಿಗೆ ಹರಕೆ ಹೊತ್ತರೆ ಚೇಳು ಕಚ್ಚುವುದಿಲ್ಲ ಅನ್ನುವ ನಂಬಿಕೆ. ಹರಕೆಯ ಕಾಸನ್ನು ನೆಲದಲ್ಲಿರುವ ಒಂದು ಕಿಂಡಿಗೆ ಹಾಕಬೇಕು. ಈ ನೆಲಹುಂಡಿಯನ್ನು ಯಾರೂ ತೆಗೆದಿಲ್ಲ, ಸಾವಿರ ವರ್ಷದ ಕಾಸು ಕೆಳಗಿದೆ ಎಂದು ಓನರಮ್ಮ ಪಿಸುಗುಟ್ಟಿದರು. ಬ್ಯಾಂಕಿನವನಾದ ನನಗೆ ಲೆಕ್ಕ ಪರಿಶೋಧನೆಯ ಯೋಚನೆ ಬಂತು. ಬಾಯಿ ಬಿಡಲಿಲ್ಲ, ಎರಡು ರೂಪಾಯಿ ಹಾಕಿದೆ.

ಗೋಡೆಗಳ ಮೇಲೆಲ್ಲ ಅಕ್ಷರ. ಹಳಗನ್ನಡವಿರಬೇಕು ಎಂದು ಬೆರಳಿಟ್ಟು ಓದಲು ನೋಡಿದೆ, ಒಂದಕ್ಷರವೂ ಹತ್ತಲಿಲ್ಲ. ಅದು ತಮಿಳು. ಹನ್ನೊಂದನೆಯ ಶತಮಾನದ ಆರಂಭದಲ್ಲಿ ಚೋಳರು ಈ ಸೀಮೆಯನ್ನು ಹಿಡಿದರು. ಇಟ್ಟಿಗೆಯಲ್ಲಿದ್ದ ಗುಡಿಯನ್ನು ಕಲ್ಲಿನಲ್ಲಿ ಕಟ್ಟಿಸಿದ ಸಂಗತಿ ರಾಜೇಂದ್ರ ಚೋಳನ ಕಾಲದ ಶಾಸನದಲ್ಲಿದೆ. ಸುಮಾರು ನೂರು ವರ್ಷದ ನಂತರ ಹೊಯ್ಸಳ ವಿಷ್ಣುವರ್ಧನ ಚೋಳರನ್ನು ಹಿಂದಕ್ಕೆ ಅಟ್ಟಿದ. ಕಲ್ಲಿನ ಮೇಲಿನ ತಮಿಳು ಉಳಿಯಿತು. ಈ ಜಿಲ್ಲೆಯ ಶಾಸನಗಳನ್ನು ಹಳ್ಳಿ ಹಳ್ಳಿಯಿಂದ ಕೂಡಿಹಾಕಿ ಬಿ.ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕದ ಹತ್ತನೆಯ ಸಂಪುಟವಾಗಿ 1905ರಲ್ಲಿ ಹೊರತಂದರು. ಆ ಸಂಪುಟ ಕೈಗೆ ಸಿಕ್ಕಿದ ಮೇಲೆ ನನಗೆ ಪೇಟೆಯ ಮಾತು ಬೇರೆಯೇ ಆಗಿ ಕೇಳಿಸತೊಡಗಿತು. ಗುಡಿ ಗೋಡೆಯಲ್ಲಿ ತಮಿಳು, ಹೂವಿನಂಗಡಿಯಲ್ಲಿ ತೆಲುಗು, ಟೈಲರ್ ಅಂಗಡಿಯಲ್ಲಿ ಉರ್ದು, ಎಲ್ಲರ ಜೊತೆ ಕನ್ನಡ. ಒಂದು ಮೊಳ ಮಲ್ಲಿಗೆ ಕೊಳ್ಳುವಷ್ಟರಲ್ಲಿ ಮೂರು ಭಾಷೆ ಕಿವಿಗೆ ಬೀಳುತ್ತದೆ, ಮಾರುವವರಿಗೆ ಅದರ ಪರಿವೆಯೇ ಇರುವುದಿಲ್ಲ.

ಹತ್ತಿರದಲ್ಲೇ ಸೋಮೇಶ್ವರ. ವಿಜಯನಗರದ ಕಾಲದ ಗುಡಿ, ಎತ್ತರದ ಗೋಪುರ, ಒಳಗೆ ಕಲ್ಯಾಣ ಮಂಟಪ. ಮಂಟಪದ ಕಂಬಗಳನ್ನು ನೋಡಲು ಬೆಳಿಗ್ಗೆ ಎಂಟರ ಒಳಗೆ ಹೋಗಬೇಕು. ಬಿಸಿಲು ಅಡ್ಡಡ್ಡವಾಗಿ ಬೀಳುವಾಗ ಮಾತ್ರ ಕೆತ್ತನೆಯ ಆಳ ಕಾಣುತ್ತದೆ. ಹತ್ತು ಗಂಟೆಯ ಮೇಲೆ ಎಲ್ಲವೂ ಒಂದೇ ಬೂದಿ ಬಣ್ಣ. ಕೋಲಾರಮ್ಮನ ಗುಡಿಯ ಗಡಿಬಿಡಿ ಇಲ್ಲಿಲ್ಲ. ಪರೀಕ್ಷೆಯ ದಿನಗಳಲ್ಲಿ ಕಾಲೇಜು ಹುಡುಗರು ಪುಸ್ತಕ ಹಿಡಿದುಕೊಂಡು ಬಂದು ಜಗುಲಿಯ ನೆರಳಿನಲ್ಲಿ ಕೂತಿರುತ್ತಾರೆ.

ವಿಜಯನಗರ ಹೋದ ಮೇಲೆ ಈ ಊರಿಗೆ ಮಾಲೀಕರು ಬದಲಾಗುತ್ತಲೇ ಹೋದರು. ಬಿಜಾಪುರದವರು ಬಂದರು, ಶಿವಾಜಿಯ ತಂದೆ ಶಹಾಜಿಯ ಜಹಗೀರಿಗೆ ಸೇರಿತು, ಮೊಗಲರ ಸಿರಾ ಸುಬೆಗೆ ಒಳಪಟ್ಟಿತು. ಆ ಸಿರಾದ ಸೇವೆಯಲ್ಲಿದ್ದ ಒಬ್ಬ ದಂಡಾಳು ಫತೇ ಮಹಮ್ಮದ್. ಬೂದಿಕೋಟೆ ಅವನಿಗೆ ಜಹಗೀರಾಗಿ ಬಂದಿತ್ತು. ಮಗ ಹೈದರ್ ಹುಟ್ಟಿದ್ದು ಅಲ್ಲೇ. ಹುಡುಗ ಚಿಕ್ಕವನಿದ್ದಾಗಲೇ ತಂದೆ ಕಾಳಗದಲ್ಲಿ ಸತ್ತ. ಅವನ ಸಮಾಧಿ ಕೋಲಾರದಲ್ಲಿದೆ. ಊರಿನವರು ಅದನ್ನು ಮಕ್‌ಬರಾ ಅನ್ನುತ್ತಾರೆ.

ಶ್ರೀರಂಗಪಟ್ಟಣದ ಗುಂಬಜ್ ನೋಡಿದವರಿಗೆ ಇದು ಸಪ್ಪೆ ಎನ್ನಿಸಬಹುದು. ನನಗೆ ಇದೇ ಹೆಚ್ಚು ಇಷ್ಟ. ಕಾರಣ 1782ರ ಡಿಸೆಂಬರ್. ಇಂಗ್ಲಿಷರ ಮೇಲಿನ ಯುದ್ಧದ ನಡುವೆ, ಆ ತಿಂಗಳ 7ರಂದು, ಚಿತ್ತೂರಿನ ಹತ್ತಿರದ ಪಾಳೆಯದಲ್ಲಿ ಹೈದರ್ ಅಲಿ ತೀರಿಕೊಂಡ. ಬೆನ್ನಿನ ಕುರು ಅವನನ್ನು ಮುಗಿಸಿತ್ತು. ಟಿಪ್ಪು ದೂರದ ಮಲಬಾರಿನಲ್ಲಿದ್ದಾನೆ. ಸುದ್ದಿ ಹೊರಬಿದ್ದರೆ ಸೈನ್ಯ ಚದುರುತ್ತದೆ. ಅವನ ಅಧಿಕಾರಿಗಳಾದ ಪೂರ್ಣಯ್ಯ ಮತ್ತು ಕೃಷ್ಣರಾಯ ಸೇರಿ ಸಾವನ್ನೇ ಮುಚ್ಚಿಟ್ಟರು. ದೇಹವನ್ನು ಪರಿಮಳದ ಪುಡಿ ತುಂಬಿದ ಪೆಟ್ಟಿಗೆಯಲ್ಲಿಟ್ಟು, ಖಜಾನೆ ಸಾಗಿಸುವ ಹಾಗೆ ಕಾವಲು ಹಾಕಿ ಕಳಿಸಿದರು. ಆ ಪೆಟ್ಟಿಗೆ ಬಂದು ಇಳಿದದ್ದು ಈ ಮಕ್‌ಬರಾಕ್ಕೆ. ಅಪ್ಪನ ಪಕ್ಕದಲ್ಲಿ ಕೆಲವು ಕಾಲ ಇದ್ದು ಆಮೇಲೆ ಮಗ ಶ್ರೀರಂಗಪಟ್ಟಣಕ್ಕೆ ಹೋದ. ದಕ್ಷಿಣದ ಅರ್ಧ ನಾಡನ್ನು ನಡುಗಿಸಿದವನ ಸಾವಿನ ಗುಟ್ಟನ್ನು ಕೆಲವು ದಿನ ಕಾಪಾಡಿದ ಊರು ಇದು. ಆ ಪೆಟ್ಟಿಗೆ ಊರೊಳಗೆ ಯಾವ ದಾರಿಯಲ್ಲಿ ಬಂದಿರಬಹುದು ಎಂದು ಯೋಚಿಸುತ್ತ ನಾನು ಎಷ್ಟೋ ಸಂಜೆ ಆಫೀಸಿನಿಂದ ಸುತ್ತುದಾರಿಯಲ್ಲಿ ಮನೆಗೆ ಬಂದಿದ್ದೇನೆ.

ಬ್ರಿಟಿಷರು ಕೋಲಾರವನ್ನು 1768ರಲ್ಲಿ ಒಮ್ಮೆ, 1791ರಲ್ಲಿ ಇನ್ನೊಮ್ಮೆ ಹಿಡಿದರು. ಅದರ ವಿವರ ಪುಸ್ತಕಗಳಲ್ಲಿ ಬೇಕಾದಷ್ಟಿದೆ, ಮುಂದೆ ಹೋಗೋಣ. 1876ರಿಂದ 78ರವರೆಗಿನ ಧಾತು ಬರ ಈ ಸೀಮೆಯನ್ನು ಬರಿದು ಮಾಡಿತು. ಆ ಬರದ ಅನಾಥ ಮಕ್ಕಳನ್ನು ಸಾಕಲು ಇಲ್ಲಿ ಮಿಷನ್ನಿನವರು ಅನಾಥಾಲಯ ನಡೆಸಿದರು. ನಂತರ ಮೆಥೋಡಿಸ್ಟ್ ಮಿಷನ್ 1910ರಲ್ಲಿ ತೆರೆದದ್ದು ಎಲನ್ ಥೋಬರ್ನ್ ಕೋವನ್ ಸ್ಮಾರಕ ಆಸ್ಪತ್ರೆ. ಈ ಉದ್ದದ ಹೆಸರನ್ನು ಕೋಲಾರದಲ್ಲಿ ಯಾರೂ ಹೇಳುವುದಿಲ್ಲ. ಇ.ಟಿ.ಸಿ.ಎಂ. ಎಂದರೆ ಆಟೋದವರಿಗೆ ಸಾಕು. ನಮ್ಮ ಓನರಮ್ಮ ಹುಟ್ಟಿದ್ದು ಅಲ್ಲೇ, ಅವರ ಮಕ್ಕಳೂ ಅಲ್ಲೇ.

ಕೋಲಾರಕ್ಕೆ ರೈಲು ಬಂದದ್ದು 1913ರಲ್ಲಿ, ಬೌರಿಂಗ್‌ಪೇಟೆಯಿಂದ, ಎಂದರೆ ಇವತ್ತಿನ ಬಂಗಾರಪೇಟೆಯಿಂದ. ಹಳಿಗಳ ನಡುವೆ ಎರಡೂವರೆ ಅಡಿ ಅಗಲ. ಮುಂದೆ ಚಿಕ್ಕಬಳ್ಳಾಪುರದ ಕಡೆಗೂ ಬೆಳೆದ ಆ ಪುಟ್ಟ ರೈಲಿನಲ್ಲಿ ಓಡಾಡಿದ ಮುದುಕರು ಸ್ಟೇಷನ್ನಿನ ಬೆಂಚುಗಳಲ್ಲಿ ಈಗಲೂ ಸಿಗುತ್ತಾರೆ. ಗಾಡಿ ಏರಿನಲ್ಲಿ ತೆವಳುವಾಗ ಇಳಿದು, ಪಕ್ಕದ ಹೊಲದಲ್ಲಿ ನಾಲ್ಕು ಅವರೆಕಾಯಿ ಕಿತ್ತು, ಮತ್ತೆ ಓಡಿ ಹತ್ತುತ್ತಿದ್ದೆವು ಎಂದು ಪ್ರತಿಯೊಬ್ಬರೂ ಹೇಳುತ್ತಾರೆ. ಇಷ್ಟು ಜನ ಕಿತ್ತಿದ್ದರೆ ಹೊಲದವನ ಗತಿ ಏನಾಗಿತ್ತೋ! 2013ರಲ್ಲಿ ಕೋಲಾರ-ಚಿಕ್ಕಬಳ್ಳಾಪುರ ದಾರಿಯಲ್ಲೂ ಬ್ರಾಡ್‌ಗೇಜ್ ಗಾಡಿ ಓಡತೊಡಗಿತು.

ಇನ್ನೊಂದು ಮೆಚ್ಚಿನ ಜಾಗ ಹೇಳಿದರೆ ಕೋಲಾರದವರೇ ನಗುತ್ತಾರೆ: ಎ.ಪಿ.ಎಂ.ಸಿ. ಮಾರುಕಟ್ಟೆಯ ಟೊಮೆಟೊ ಮಂಡಿ. ಸುಗ್ಗಿಯ ದಿನಗಳಲ್ಲಿ ಕ್ರೇಟುಗಳು ಆಳೆತ್ತರ ಪೇರಿಸಿರುತ್ತವೆ, ಹರಾಜಿನ ಕೂಗು ಯಾವ ಭಾಷೆಯದೆಂದು ಗುರುತಿಸುವ ಮೊದಲೇ ಮುಗಿದಿರುತ್ತದೆ. ಒಂದು ಬಾಕ್ಸು ಎಂದರೆ 15 ಕಿಲೋ. 2023ರ ಜುಲೈನಲ್ಲಿ ಅದೇ ಬಾಕ್ಸು 2 ಸಾವಿರ ರೂಪಾಯಿ ದಾಟಿತು. ಬೆಲೆ ಬಿದ್ದ ವರ್ಷಗಳಲ್ಲಿ ರೈತರು ಹಣ್ಣನ್ನು ರಸ್ತೆಗೆ ಸುರಿದದ್ದೂ ಇದೆ. ವರ್ಷವಿಡೀ ಹರಿಯುವ ನದಿ ಇಲ್ಲದ ಜಿಲ್ಲೆ. ಸಾವಿರ ಅಡಿ ಮೀರಿದ ಬೋರ್‌ವೆಲ್ ನೀರಿನಿಂದ ಬೆಳೆದ ಹಣ್ಣು ಅದು.

ನಾನು ಬಂದ ವರ್ಷ ಕೋಲಾರಮ್ಮನ ಕೆರೆಯ ಏರಿಯ ಮೇಲೆ ನಿಂತರೆ ಕಾಣುತ್ತಿದ್ದುದು ಜಾಲಿ ಗಿಡ. 2018ರಲ್ಲಿ ಬೆಂಗಳೂರಿನ ಬಳಸಿದ ನೀರನ್ನು ಸಂಸ್ಕರಿಸಿ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಈ ಜಿಲ್ಲೆಯ ಕೆರೆಗಳಿಗೆ ಹರಿಸಲು ಶುರುಮಾಡಿದರು. ಬೋರ್‌ವೆಲ್‌ಗಳಲ್ಲಿ ನೀರು ಮೇಲೆ ಬಂತು ಅನ್ನುವವರಿದ್ದಾರೆ, ಎರಡು ಹಂತದ ಶುದ್ಧೀಕರಣ ಸಾಲದು, ಮೂರನೆಯದೂ ಬೇಕು ಎಂದು ಹೋರಾಡುವವರಿದ್ದಾರೆ. ನನ್ನ ಮಟ್ಟಿಗೆ ಹೋರಾಡುವವರ ಮಾತು ಸರಿ ಅನ್ನಿಸುತ್ತದೆ. ಕೆರೆಗೆ ಬಿಟ್ಟ ನೀರು ಕಡೆಗೆ ಬಾವಿಗೇ ಇಳಿಯುತ್ತದಲ್ಲ. 2021ರ ಮಳೆಗಾಲದ ಕೊನೆಗೆ ಸುತ್ತಲ ಕೆರೆಗಳು ಕೋಡಿ ಬಿದ್ದಾಗ ಮಾತ್ರ ಈ ವಾದವನ್ನೆಲ್ಲ ಪಕ್ಕಕ್ಕಿಟ್ಟು ಊರಿಗೆ ಊರೇ ಕೆರೆ ನೋಡಲು ಹೊರಟಿತ್ತು. ನಾವೂ ಓನರಮ್ಮನನ್ನು ಆಟೋದಲ್ಲಿ ಕೂರಿಸಿಕೊಂಡು ಹೋದೆವು. ಆಕೆ ಅರಿಶಿನ ಕುಂಕುಮ ತಂದಿದ್ದರು.

ಕಡೆಯದಾಗಿ ಅಂತರಗಂಗೆ. ಊರಿನ ಪಶ್ಚಿಮಕ್ಕೆ ಬಂಡೆಗಳನ್ನು ಪೇರಿಸಿಟ್ಟ ಹಾಗೆ ನಿಂತಿರುವುದು ಶತಶೃಂಗ ಪರ್ವತ. ಮೇಲೆ ಹಳ್ಳಿಗಳಿವೆ, ತೇರಹಳ್ಳಿಯ ಕಡೆ ಕೋಟಿಗಾನಹಳ್ಳಿ ರಾಮಯ್ಯನವರು ಗೆಳೆಯರ ಜೊತೆ ಕಟ್ಟಿದ ಆದಿಮ ಎಂಬ ಸಾಂಸ್ಕೃತಿಕ ಕೇಂದ್ರ ಇದೆ, ಹುಣ್ಣಿಮೆಯ ರಾತ್ರಿ ಅಲ್ಲಿ ಹಾಡು, ನಾಟಕ. ಬೆಟ್ಟದ ಮಗ್ಗುಲಲ್ಲಿ ಕಾಶಿ ವಿಶ್ವೇಶ್ವರನ ಗುಡಿ, ಅದರ ಕಲ್ಯಾಣಿಗೆ ಕಲ್ಲು ಬಸವನ ಬಾಯಿಂದ ನೀರು ಬೀಳುತ್ತದೆ. ನೆಲದೊಳಗೇ ಹರಿದು ಬಂದ ಗಂಗೆ ಎಂದು ಭಕ್ತರು. ಬೆಟ್ಟದ ಮೇಲೆ ಬಿದ್ದ ಮಳೆ ಬಂಡೆಯ ಬಿರುಕುಗಳಲ್ಲಿ ಇಂಗಿ ಇಲ್ಲಿ ಹೊರಬರುತ್ತದೆ ಎಂದು ಭೂಗೋಳದ ಮೇಷ್ಟ್ರು. ಈ ನೀರಿನಲ್ಲಿ ತೊಗರಿಬೇಳೆ ಬೇಗ ಬೇಯುತ್ತದೆ ಎಂದು ಓನರಮ್ಮ. ಹಾಗಾಗಿ ಭಾನುವಾರ ಬೆಳಿಗ್ಗೆ ಐದು ಲೀಟರಿನ ಎರಡು ಕ್ಯಾನು ಹಿಡಿದು ನಾನು ಮೆಟ್ಟಿಲು ಹತ್ತುತ್ತೇನೆ, ಒಂದು ಅವರಿಗೆ, ಒಂದು ನಮಗೆ. ಕಳೆದ ವಾರ ಇಳಿಯುವಾಗ ಕೋತಿಯೊಂದು ಹಿಂದಿನಿಂದ ಬಂದು ಒಂದು ಕ್ಯಾನು ಕಿತ್ತುಕೊಂಡು, ಮುಚ್ಚಳ ಬಿಚ್ಚಿ, ಎರಡು ಗುಟುಕು ಕುಡಿದು ಉರುಳಿಸಿತು. ಖಾಲಿ ಕ್ಯಾನನ್ನು ಎತ್ತಿಕೊಂಡು ಮತ್ತೆ ಮೇಲೆ ಹೋಗಿ ಸಾಲಿನ ಕೊನೆಯಲ್ಲಿ ನಿಂತೆ. ಮುಂದಿದ್ದ ಹುಡುಗ ತೆಲುಗಿನಲ್ಲಿ ಕೇಳಿದ, ಕೋತಿಯಾ ಅಂತ. ತೆಲುಗಿನಲ್ಲೇ ಹೌದು ಅಂದೆ.